ಆ ಅಜ್ಜಿ ಅಂದದ್ದನ್ನು ಪೂರ್ತಿ ಹೇಳಿ

ಮಂಡ್ಯ, ಮದ್ದೂರು, ಮಳವಳ್ಳಿಯ ಎಂ.ಎಸ್.ಡಬ್ಲ್ಯೂ ವಿದ್ಯಾರ್ಥಿಗಳಿಗೆ,

ಹೊರದೇಶದಲ್ಲಿ ಸಮಾಜಕಾರ್ಯ ಓದುವ ಹುಡುಗ ಹುಡುಗಿಯರು ಒಂದು ಸೆಮಿಸ್ಟರಿನ ಮಟ್ಟಿಗೆ ನಮ್ಮ ಕಡೆ ಬಂದಾಗ ಸಂಸ್ಥೆಯವರು ಮೊದಲು ಫೋನ್ ಮಾಡುವುದು ನಿಮಗೆ. ‘ನಿನಗೆ ಇಂಗ್ಲಿಷ್ ಸ್ವಲ್ಪ ಬರುತ್ತಲ್ಲ, ಅವರ ಜೊತೆ ಓಡಾಡ್ಕೊಂಡಿರು’ ಅನ್ನುತ್ತಾರೆ. ನೀವು ಹೂಂ ಅನ್ನುತ್ತೀರಿ. ಬಸ್ ಚಾರ್ಜು, ಮಧ್ಯಾಹ್ನದ ಊಟ, ಕೊನೆಗೊಂದು ಸರ್ಟಿಫಿಕೇಟು. ಹದಿನೈದು ವರ್ಷದ ಹಿಂದೆ ನಾನೂ ಹೀಗೆಯೇ ಹೂಂ ಅಂದವಳು. ಆಮೇಲೆ ಫೀಲ್ಡ್‌ವರ್ಕ್ ಸೂಪರ್‌ವೈಸರ್ ಆಗಿ ನಿಮ್ಮಂಥವರ ಎಷ್ಟೋ ದಿನಚರಿಗಳಿಗೆ ಸಹಿ ಹಾಕಿದ್ದೇನೆ. ಈ ಪತ್ರವನ್ನು ಆ ಸಹಿಗಳಿಗಿಂತ ಮೊದಲೇ ಬರೆಯಬೇಕಾಗಿತ್ತು.

ನಾನು ಮೊದಲ ಸಲ ಜೊತೆಯಾದದ್ದು ಯುರೋಪಿನಿಂದ ಬಂದ ಒಬ್ಬ ಹುಡುಗಿಗೆ. ಬಿಸಿಲಿಗೆ ಮೂರೇ ದಿನದಲ್ಲಿ ಟೊಮೇಟೊ ಹಣ್ಣಿನ ಹಾಗೆ ಆಗಿದ್ದರಿಂದ ಊರಿನವರು ಅವಳಿಗೆ ಕೆಂಪಮ್ಮ ಅಂತ ಹೆಸರಿಟ್ಟರು. ನಮ್ಮ ಸೀಮೆಯಲ್ಲಿ ಬೀದಿಗೊಬ್ಬಳು ಕೆಂಪಮ್ಮ ಇರುವುದರಿಂದ ಅವಳು ಬೇಗ ಊರಿನವಳೇ ಆಗಿಬಿಟ್ಟಳು. ಮಳವಳ್ಳಿ ತಾಲ್ಲೂಕಿನ ಆ ಊರಿನಲ್ಲಿ ಅವಳು ಇದ್ದದ್ದು ಒಬ್ಬ ಅಜ್ಜಿಯ ಮನೆಯಲ್ಲಿ. ಅಜ್ಜಿ ನೀರು ಕೊಟ್ಟರೆ ‘ಧನ್ಯವಾದ’, ಹಿಟ್ಟು ಉಪ್ಸಾರು ಇಕ್ಕಿದರೆ ‘ಧನ್ಯವಾದ’, ಚಾಪೆ ಹಾಸಿದರೆ ‘ಧನ್ಯವಾದ’. ಬರುವ ಮೊದಲು ಕಲಿತುಕೊಂಡಿದ್ದ ಎಂಟು ಹತ್ತು ಕನ್ನಡ ಪದಗಳಲ್ಲಿ ಅದೂ ಒಂದು. ಎರಡು ದಿನ ನೋಡಿದ ಅಜ್ಜಿ ನನ್ನನ್ನು ಹಿತ್ತಲಿಗೆ ಕರೆದು, ‘ಅದ್ಯಾಕವ್ವ ಆ ಮಗ ಅಂಗ್ ಯೋಳ್ತದೆ? ಹೊಂಟೋಯ್ತೀನಿ ಅಂತಾನಾ?’ ಎಂದು ಕೇಳಿದಳು. ಧನ್ಯವಾದ ಅನ್ನುವುದು ಅಜ್ಜಿಯ ಪಾಲಿಗೆ ಮೈಕಿನಲ್ಲಿ, ಸಭೆ ಮುಗಿಸುವಾಗ ಹೇಳುವ ಮಾತು. ಇದನ್ನು ಕೆಂಪಮ್ಮನಿಗೆ ಹೇಳಿದೆ. ಅವಳು ಬಿದ್ದು ಬಿದ್ದು ನಕ್ಕಳು, ಬರೆದುಕೊಂಡಳು. ಅಷ್ಟರ ಮಟ್ಟಿಗೆ ನಾನು ಒಳ್ಳೆಯ ದುಭಾಷಿಯೇ.

ಆಮೇಲಿನದು ಕೇಳಿ. ಒಂದು ಮಧ್ಯಾಹ್ನ ಅದೇ ಅಜ್ಜಿಯ ಜಗಲಿಯ ಮೇಲೆ ಸ್ತ್ರೀಶಕ್ತಿ ಸಂಘದ ಏಳೆಂಟು ಹೆಂಗಸರು ಕೂತಿದ್ದರು. ಸಾಲ ತೆಗೆದುಕೊಂಡು ಏನು ಮಾಡಿದಿರಿ ಎಂದು ಕೆಂಪಮ್ಮ ಕೇಳಿದಳು. ಅಜ್ಜಿ ಎಲೆಗೆ ಸುಣ್ಣ ಸವರುತ್ತಾ ಹೇಳಿದ್ದು ಹೀಗೆ: ‘ಏನ್ ಮಾಡಾನೆ ಕನವ್ವಾ, ಒಂದ್ ಸಂಘದಲ್ಲಿ ಈಸ್ಕಂಡು ಇನ್ನೊಂದ್ ಸಂಘಕ್ಕೆ ಕಟ್ತೀವಿ. ಎಡಗೈಲಿ ಈಸ್ಕಳದು, ಬಲಗೈಲಿ ಕೊಡದು. ನಡುಮಧ್ಯೆ ಮೂಗು ಒರಸ್ಕಳಾಕೂ ಕೈ ಬಿಡುವಿಲ್ಲ.’ ಜಗಲಿಯೆಲ್ಲ ನಕ್ಕಿತು. ನಾನು ಇಂಗ್ಲಿಷಿಗೆ ಮಾಡಿದ್ದು ಒಂದೇ ಸಾಲು: ಮನೆ ಖರ್ಚಿಗೆ ಬಳಸುತ್ತಾರಂತೆ. ಅವಳು ಬರೆದುಕೊಂಡಳು. ‘ಮತ್ತೆ ಇಷ್ಟೊಂದು ನಕ್ಕರಲ್ಲ, ಯಾಕೆ?’ ಅಂದಳು. ‘ಅವರು ಯಾವಾಗಲೂ ನಗುತ್ತಿರುತ್ತಾರೆ’ ಅಂದೆ.

ಯಾಕೆ ಹಾಗೆ ಮಾಡಿದೆ? ನನ್ನ ಇಂಗ್ಲಿಷು ಅಷ್ಟಕ್ಕಷ್ಟೇ ಇತ್ತು ಅನ್ನುವುದು ನಿಜ, ಆದರೆ ಅದು ನೆವ. ಎಡಗೈ ಬಲಗೈಗೆ ಇಂಗ್ಲಿಷ್ ಗೊತ್ತಿರಲಿಲ್ಲವೇ? ನಿಜವಾದ ಕಾರಣ ಮಾನ. ಮನೆಗೆ ಬಂದ ನೆಂಟರ ಎದುರು ಹರಿದ ಚಾಪೆಯನ್ನು ಸುತ್ತಿ ಅಟ್ಟಕ್ಕೆ ಎಸೆಯುತ್ತೇವಲ್ಲ, ಹಾಗೆ ಆ ಮಾತನ್ನು ಸುತ್ತಿ ಎಸೆದೆ. ಆ ಸಂಘವನ್ನು ಮಾದರಿ ಸಂಘ ಅಂತಲೇ ತೋರಿಸಲು ಸಂಸ್ಥೆಯವರು ಅವಳನ್ನು ಕರೆತಂದಿದ್ದರು ಬೇರೆ. 2025ರ ಫೆಬ್ರವರಿಯಲ್ಲಿ ಮೈಕ್ರೋ ಫೈನಾನ್ಸ್ ವಸೂಲಿಯ ಕಿರುಕುಳ ತಡೆಯಲು ರಾಜ್ಯ ಸರ್ಕಾರ ಸುಗ್ರೀವಾಜ್ಞೆ ಹೊರಡಿಸಿದಾಗ, ಅದಕ್ಕೂ ಮೊದಲು ತಿಂಗಳುಗಟ್ಟಲೆ ನಮ್ಮ ಜಿಲ್ಲೆಯದೂ ಸೇರಿದಂತೆ ಊರು ಬಿಟ್ಟವರ, ಜೀವ ಬಿಟ್ಟವರ ಸುದ್ದಿಗಳನ್ನು ಓದುತ್ತಿದ್ದಾಗ, ನನಗೆ ನೆನಪಾಗುತ್ತಿದ್ದದ್ದು ಆ ಜಗಲಿಯ ನಗು. ಅಜ್ಜಿ ಹದಿನೈದು ವರ್ಷ ಮೊದಲೇ ಹೇಳಿದ್ದಳು. ಕೇಳಲೆಂದೇ ಸಾವಿರಾರು ಮೈಲಿ ಬಂದವಳು ಎದುರಿಗೇ ಇದ್ದಳು. ನಡುವೆ ಕೂತು ನುಂಗಿದವಳು ನಾನು.

ನೀವೂ ನುಂಗುತ್ತೀರಿ. ನಿಮ್ಮ ದಿನಚರಿಗಳನ್ನು ಓದಿದರೆ ಗೊತ್ತಾಗುತ್ತದೆ. ‘ಗ್ರಾಮಸ್ಥರು ಸಹಕರಿಸಿದರು’ ಎಂದು ಬರೆದಿರುತ್ತೀರಿ. ಯಾವ ಗ್ರಾಮಸ್ಥರು, ಏನು ಅಂದರು, ಎಲ್ಲಿ ಮಾತು ನಿಲ್ಲಿಸಿದರು, ಯಾರು ಬಂದಾಗ ಎದ್ದು ಹೋದರು, ಒಂದೂ ಇಲ್ಲ. ಹೊರಗಿನಿಂದ ಬಂದ ಹುಡುಗ ಮಾತ್ರ ಬೆಕ್ಕು ಅಡ್ಡ ಹೋದದ್ದನ್ನೂ ಬರೆದಿರುತ್ತಾನೆ.

ಬಂದವರಿಗೆ ನಾವು ತೋರಿಸುವುದರ ಪಟ್ಟಿಯೊಂದಿದೆ. ಶಿವಪುರದ ಸತ್ಯಾಗ್ರಹ ಸೌಧ, ಮದ್ದೂರು ವಡೆ, ಗಗನಚುಕ್ಕಿ, ಮಂಡ್ಯದ ಆಲೆಮನೆ. ತೋರಿಸಬೇಡಿ ಅನ್ನುತ್ತಿಲ್ಲ. 1938ರಲ್ಲಿ ಶಿವಪುರದಲ್ಲಿ ಬಾವುಟ ಹಾರಿಸಿದವರ ಕಥೆ ಹೇಳುವಾಗ ಈಗಲೂ ನನ್ನ ಗಂಟಲು ಕಟ್ಟುತ್ತದೆ. ಆದರೆ ಮದ್ದೂರಿಗೆ ಹೋದಾಗ ವಡೆ ತಿನ್ನಿಸಿ ಹೊರಡಬೇಡಿ, ಹಳೇ ರಸ್ತೆಯಲ್ಲಿ ಸ್ವಲ್ಪ ದೂರ ನಡೆಸಿ. 2023ರ ಮಾರ್ಚಿನಲ್ಲಿ ಎಕ್ಸ್‌ಪ್ರೆಸ್‌ವೇ ಉದ್ಘಾಟನೆಯಾದ ಮೇಲೆ ಬೆಂಗಳೂರು ಮೈಸೂರಿನ ಕಾರುಗಳು ಊರಿನ ಹೊರಗಿಂದಲೇ ಹಾದು ಹೋಗುತ್ತವೆ. ಒಂದು ಕಾಲಕ್ಕೆ ಕೂರಲು ಜಾಗ ಸಿಗದ ಹೋಟೆಲಿನಲ್ಲಿ ಮಧ್ಯಾಹ್ನ ಸಪ್ಲೈಯರು ಟೇಬಲ್ ಒರೆಸಿದ್ದನ್ನೇ ಒರೆಸುತ್ತಿರುತ್ತಾನೆ. ಅವನನ್ನು ಮಾತಾಡಿಸಿ. ಅಭಿವೃದ್ಧಿ ಅನ್ನುವ ಪೇಪರಿಗೆ ನೀವು ಗೈಡಿನಿಂದ ಉರು ಹೊಡೆಯುವುದಕ್ಕಿಂತ ಹೆಚ್ಚು ಅವನ ಹತ್ತಿರ ಇದೆ.

ಇನ್ನು ಆಲೆಮನೆ. ಇದನ್ನು ಸ್ವಲ್ಪ ನಿಂತು ಹೇಳಬೇಕು.

2018ರಲ್ಲಿ ಜರ್ಮನಿಯ ಒಬ್ಬ ಹುಡುಗನನ್ನು ಮಂಡ್ಯದ ಹತ್ತಿರದ ಆಲೆಮನೆಗೆ ಕರೆದುಕೊಂಡು ಹೋಗಿದ್ದೆ. ಎಂದಿನಂತೆ ಗಾಣದ ಬಾಯಿಂದ ಒಂದು ಲೋಟ ಕಬ್ಬಿನ ಹಾಲು ಕುಡಿಸಿ, ಕೊಪ್ಪರಿಗೆಯಲ್ಲಿ ಪಾಕ ಕುದಿಯುವುದನ್ನು ತೋರಿಸಿ, ಅಚ್ಚಿಗೆ ಹಾಕುವ ಮೊದಲಿನ ಬಿಸಿ ಬೆಲ್ಲ ಒಂದು ತುಂಡು ಕೈಗಿಟ್ಟು, ಹಿಂದಿನಿಂದ ಬಂದ ಪಾಠ ಶುರು ಮಾಡಿದೆ. 1933ರಲ್ಲಿ ಸಕ್ಕರೆ ಕಾರ್ಖಾನೆ ಬಂತು, ಅದರ ಹಿಂದೆ ಮೈಸೂರು ಸರ್ಕಾರದ ಕೃಷಿ ಇಲಾಖೆ ನಡೆಸಿದ ಕೆನಡಾದ ಲೆಸ್ಲಿ ಕೋಲ್ಮನ್ ಇದ್ದ, ಹೊರಗಿನವರಿಂದ ನಾವೂ ಪಡೆದಿದ್ದೇವೆ, ಹೀಗೆ. ಹುಡುಗ ತಲೆಯಾಡಿಸುತ್ತಾ ಒಲೆಯ ಕಡೆ ನೋಡುತ್ತಿದ್ದ. ಅಲ್ಲಿ ಕುಣಿಯಲ್ಲಿ ಕೂತು ಒಲೆಗೆ ಕಬ್ಬಿನ ರಚ್ಚು ತಳ್ಳುತ್ತಿದ್ದವನ ಮೈಯೆಲ್ಲ ಮಸಿ. ‘ಅವನನ್ನು ಮಾತಾಡಿಸೋಣವೇ?’ ಅಂದ. ನಾನು ಕನ್ನಡದಲ್ಲಿ ‘ಯಾವೂರಪ್ಪ?’ ಅಂದೆ. ಅವನು ನನ್ನ ಮುಖ ನೋಡಿದ. ಆಗ ಈ ಜರ್ಮನಿಯ ಹುಡುಗ ಕುಣಿಯ ಅಂಚಿನಲ್ಲಿ ಕುಕ್ಕರಗಾಲಲ್ಲಿ ಕೂತು ಹಿಂದಿಯಲ್ಲಿ ಶುರು ಮಾಡಿದ! ಇಂಡಿಯಾಕ್ಕೆ ಹೋಗುತ್ತೇನೆಂದು ಎರಡು ವರ್ಷ ಹಿಂದಿ ಕಲಿತಿದ್ದನಂತೆ. ಕರ್ನಾಟಕಕ್ಕೆ ಬಂದ ಮೇಲೆ ಅದು ಕೆಲಸಕ್ಕೆ ಬಾರದ್ದು ಅಂತ ತಿಳಿದು ಸುಮ್ಮನಿದ್ದವನು. ಒಲೆಯವನು ಬಿಹಾರದವನು. ಊರು ಬಿಟ್ಟು ಎಂಟು ತಿಂಗಳಾಗಿತ್ತು, ಮಲಗುವುದು ರಚ್ಚಿನ ರಾಶಿಯ ಪಕ್ಕ, ಮಗಳಿಗೆ ಹುಷಾರಿರಲಿಲ್ಲ. ಇಷ್ಟೂ ನನಗೆ ಗೊತ್ತಾದದ್ದು ಆ ಹುಡುಗ ಇಂಗ್ಲಿಷಿನಲ್ಲಿ ಬಿಡಿಸಿ ಹೇಳಿದ ಮೇಲೆ. ಹುಟ್ಟಿ ಬೆಳೆದ ಊರಿಂದ ಮೂರು ಮೈಲಿ ದೂರದಲ್ಲಿ, ಬಾಯಲ್ಲಿ ನಮ್ಮೂರ ಬೆಲ್ಲ ಇಟ್ಟುಕೊಂಡು ನಾನು ಪರದೇಶಿಯ ಹಾಗೆ ನಿಂತಿದ್ದೆ. ಅವತ್ತಿನ ದುಭಾಷಿ ಅವನು.

ಅದಾಗಿ ಐದು ವರ್ಷಕ್ಕೆ, 2023ರ ನವೆಂಬರಿನಲ್ಲಿ, ಬೆಂಗಳೂರಿನ ಪೊಲೀಸರು ಭೇದಿಸಿದ ಹೆಣ್ಣು ಭ್ರೂಣಹತ್ಯೆ ಜಾಲದ ಜಾಡು ಮಂಡ್ಯದ ಒಂದು ಆಲೆಮನೆಗೆ ಬಂದು ಮುಟ್ಟಿತು. ಸ್ಕ್ಯಾನಿಂಗ್ ಮೆಷಿನ್ ಇಟ್ಟದ್ದು ಬೆಲ್ಲ ಮಾಡುವ ಜಾಗದಲ್ಲಿ. ಭ್ರೂಣಲಿಂಗ ಪತ್ತೆ ತಡೆಯುವ 1994ರ ಕಾಯ್ದೆಯನ್ನು ನೀವೆಲ್ಲ ಪರೀಕ್ಷೆಗೆ ಓದಿದ್ದೀರಿ, ಕಲಮುಗಳನ್ನು ಕೇಳಿದರೆ ಪಟಪಟ ಹೇಳುತ್ತೀರಿ. ಬೆಲ್ಲದ ವಾಸನೆಗೆ ಮರುಳಾಗಿ ಎಷ್ಟು ತಂಡಗಳನ್ನು ಆಲೆಮನೆಗಳಿಗೆ ಕರೆದುಕೊಂಡು ಹೋಗಿದ್ದೆನೋ ಲೆಕ್ಕವಿಲ್ಲ. ಅಲ್ಲಿ ನೋಡಬೇಕಾದದ್ದು ಬೆಲ್ಲ ಒಂದೇ ಅಂದುಕೊಂಡಿದ್ದೆ.

ಬೇರೆ ಸಂಸ್ಕೃತಿಯೊಳಗೆ ಹೊಕ್ಕು ಅನುಭವದಿಂದ ಕಲಿಯುವುದು ಅನ್ನುತ್ತಾರಲ್ಲ, ಅದನ್ನು ವಿಮಾನ ಹತ್ತಿದವರಿಗೆ ಮಾತ್ರ ಬಿಟ್ಟುಕೊಡಬೇಡಿ ಅನ್ನುವುದಕ್ಕೆ ಇಷ್ಟೆಲ್ಲ ಹೇಳಿದೆ. ಎಂ.ಎನ್. ಶ್ರೀನಿವಾಸ್ ಮೈಸೂರಿನಲ್ಲಿ ಹುಟ್ಟಿ ಬೆಳೆದವರು. 1948ರಲ್ಲಿ ಅವರು ಅಧ್ಯಯನಕ್ಕೆಂದು ಹೋಗಿ ಕೂತದ್ದು ಮೈಸೂರಿಗೆ ಹತ್ತಿರದ ಒಂದು ಹಳ್ಳಿಯಲ್ಲಿ, ಬರಹದಲ್ಲಿ ಅವರು ರಾಂಪುರ ಎಂದು ಕರೆದ ಊರಿನಲ್ಲಿ. ಸಾಕಷ್ಟು ಓದಿದವರು, ಭಾಷೆ ಬಲ್ಲವರು. ಆದರೂ ಯಾರ ಮನೆಗೆ ಯಾವಾಗ ಹೋಗಬಹುದು, ಯಾರ ಜೊತೆ ಕೂತರೆ ಯಾರು ಮುನಿಯುತ್ತಾರೆ ಎನ್ನುವುದನ್ನು ಎಳೆಯ ಮಗುವಿನಂತೆ ಕಲಿಯಬೇಕಾಯಿತು. 1970ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡಿನಲ್ಲಿದ್ದಾಗ ಬೆಂಕಿ ಬಿದ್ದು, ಅವರು ಒಪ್ಪಮಾಡಿಟ್ಟಿದ್ದ ಟಿಪ್ಪಣಿಗಳ ಮೂರೂ ಪ್ರತಿ ಸುಟ್ಟುಹೋದವು. ಆಮೇಲೆ ನೆನಪಿನಿಂದ ಬರೆದ ಪುಸ್ತಕವೇ 1976ರಲ್ಲಿ ಹೊರಬಂದ ‘ದಿ ರಿಮೆಂಬರ್ಡ್ ವಿಲೇಜ್’. ನಿಮ್ಮ ಫೀಲ್ಡ್‌ವರ್ಕ್ ದಿನಚರಿ ಸುಟ್ಟುಹೋದರೆ ನೆನಪಿನಿಂದ ಎಷ್ಟು ಪುಟ ಬರೆಯಬಲ್ಲಿರಿ? ನನ್ನದಾಗಿದ್ದರೆ ಅರ್ಧ ಪುಟ, ಅದೂ ಆ ನಗುವಿನದು.

ನಮ್ಮ ಮಂಡ್ಯಕ್ಕೇ ಬಂದ ಇನ್ನೊಬ್ಬರಿದ್ದರು. ನಿಮ್ಮಲ್ಲಿ ಬಹಳ ಜನ ಹೆಸರು ಕೇಳಿಲ್ಲ, ಅದು ನಮ್ಮ ತಪ್ಪು, ಪಾಠ ಮಾಡುವವರದು. ಸ್ಕಾರ್ಲೆಟ್ ಎಪ್‌ಸ್ಟೈನ್. 1922ರಲ್ಲಿ ವಿಯೆನ್ನಾದ ಯೆಹೂದಿ ಕುಟುಂಬದಲ್ಲಿ ಹುಟ್ಟಿ, ನಾಜಿಗಳಿಂದ ತಪ್ಪಿಸಿಕೊಂಡು ಇಂಗ್ಲೆಂಡು ಸೇರಿದವರು. ಮ್ಯಾಂಚೆಸ್ಟರಿನಲ್ಲಿ ಓದುತ್ತಿದ್ದವರು 1954ರಲ್ಲಿ ಮಂಡ್ಯದ ಪಕ್ಕದ ಹಳ್ಳಿಗಳಿಗೆ ಬಂದರು. ಒಂದು ಊರಿಗೆ ವಿಶ್ವೇಶ್ವರಯ್ಯ ನಾಲೆಯ ನೀರು ಹರಿದಿತ್ತು, ಅದನ್ನು ವಂಗಲ ಎಂದು ಕರೆದರು. ಇನ್ನೊಂದು ಎತ್ತರದಲ್ಲಿದ್ದು ನೀರು ಹತ್ತದ ಊರು, ಅದಕ್ಕೆ ದಲೇನ ಎಂದು ಹೆಸರಿಟ್ಟರು. ಎರಡೂ ಊರಿನ ನಿಜ ಹೆಸರುಗಳಲ್ಲ. ನೀರು ಬಂದ ಊರು ಬದಲಾಯಿತು, ಬಾರದ ಊರು ಹಿಂದುಳಿಯಿತು ಅಂತ ತಾನೆ ನಾವು ನೀವು ಬರೆಯುವುದು? ಅವರು ಕಂಡದ್ದು ಬೇರೆ. ನೀರು ಬಂದ ಊರಿನವರು ಕಬ್ಬು ಬೆಳೆದು ಉಳ್ಳವರಾದರು, ಆದರೆ ಗದ್ದೆಯ ಕೆಲಸವೇ ಹೆಚ್ಚಿದ್ದರಿಂದ ಒಕ್ಕಲಿಗ ಯಜಮಾನನಿಗೂ ಅವನ ಆಳಾದ ಹಳೇಮಗನಿಗೂ ಇದ್ದ ತಲೆಮಾರಿನ ಕಟ್ಟು ಹಾಗೆಯೇ ಗಟ್ಟಿಯಾಗಿ ಉಳಿಯಿತು. ನೀರು ಬಾರದ ಊರಿನವರು ಮಂಡ್ಯದ ಕಡೆ ಮುಖ ಮಾಡಿದರು, ಕೆಲಸಕ್ಕೆ ಸೇರಿದರು, ಹಿಟ್ಟಿನ ಗಿರಣಿ ಹಾಕಿದರು, ಬೇರೆ ಊರಲ್ಲಿ ಜಮೀನು ಹಿಡಿದರು. ಹಳೇ ಕಟ್ಟುಗಳು ಸಡಿಲವಾದದ್ದು ಅಲ್ಲಿ. 1962ರಲ್ಲಿ ಇದು ಪುಸ್ತಕವಾಯಿತು. ಇವತ್ತಿಗೂ ಮದ್ದೂರು ಮಳವಳ್ಳಿಯ ನಾಲೆಯ ಕೊನೆ ಭಾಗದ ಊರುಗಳಲ್ಲಿ ಬೆಳಿಗ್ಗೆ ಗಾರ್ಮೆಂಟ್ಸ್ ಗಾಡಿ ಹತ್ತುವ ಹೆಣ್ಣುಮಕ್ಕಳ ಸಾಲು ನೋಡಿದಾಗ ನನಗೆ ಆ ದಲೇನವೇ ಕಾಣುತ್ತದೆ.

ಆದರೆ ನಾನು ನಿಮಗೆ ತೋರಿಸಬೇಕೆಂದಿರುವುದು ಅವರ ಮೊದಲ ಪುಸ್ತಕವನ್ನಲ್ಲ. ಅವರು 1970ರಲ್ಲಿ ಮತ್ತೆ ಬಂದರು, ಆಮೇಲೂ ಬಂದರು. 1998ರಲ್ಲಿ ಆ ಊರುಗಳ ನಲವತ್ತು ವರ್ಷದ ಬದಲಾವಣೆಯ ಬಗ್ಗೆ ‘ವಿಲೇಜ್ ವಾಯ್ಸಸ್’ ಎಂಬ ಪುಸ್ತಕ ಬಂತು. ಅದರ ರಕ್ಷಾಪುಟದಲ್ಲಿ ಎಪ್‌ಸ್ಟೈನ್ ಪಕ್ಕದಲ್ಲೇ ಇನ್ನೆರಡು ಹೆಸರುಗಳಿವೆ: ಎ.ಪಿ. ಸೂರ್ಯನಾರಾಯಣ, ಟಿ. ತಿಮ್ಮೇಗೌಡ. ಒಳಗೆ ಕೃತಜ್ಞತೆಯ ಸಾಲಿನಲ್ಲಲ್ಲ, ಲೇಖಕರ ಸಾಲಿನಲ್ಲಿ. ನನ್ನ ಹೆಸರು ಕೆಂಪಮ್ಮನ ವರದಿಯಲ್ಲಿ ಎಲ್ಲಿದೆ ಅಂತ ಹುಡುಕಿದ್ದೆ. ‘ಸ್ಥಳೀಯ ದುಭಾಷಿಯ ನೆರವಿನಿಂದ’ ಎಂದಿತ್ತು. ಬೇಸರವಾಯಿತು ನಿಜ. ಆದರೆ ಮೂಗು ಒರೆಸಿಕೊಳ್ಳಲೂ ಕೈ ಬಿಡುವಿಲ್ಲದ ಮಾತನ್ನು ‘ಮನೆ ಖರ್ಚು’ ಮಾಡಿದವಳ ಹೆಸರನ್ನು ಎಲ್ಲಿ ತಾನೆ ಹಾಕುತ್ತಾಳೆ?

ಅವಳ ವರದಿಯಲ್ಲಿ ಇನ್ನೊಂದು ಸಾಲಿತ್ತು: ಈ ಭಾಗದ ಗಂಡಸರು ಹೊರಗಿನ ಹೆಂಗಸರ ಜೊತೆ ಮಾತಾಡಲು ಹಿಂಜರಿಯುತ್ತಾರೆ. ಅದು ಎಲ್ಲಿಂದ ಬಂತು ಅಂತ ನನಗೆ ಗೊತ್ತು. ಒಂದು ದಿನ ರೇಷ್ಮೆ ಹುಳದ ಮನೆ ನೋಡಲು ಹೋಗಿದ್ದೆವು. ಹುಳ ಮೂರನೇ ಜ್ವರದಿಂದ, ಅಂದರೆ ಮೂರನೇ ಸಲ ಪೊರೆ ಬಿಟ್ಟು, ಎದ್ದಿತ್ತು. ಇವಳ ಕೈಕಾಲಿಗೆಲ್ಲ ಸೊಳ್ಳೆ ಕ್ರೀಮು, ಘಾಟು ಮಾರು ದೂರಕ್ಕೆ ಹೊಡೆಯುತ್ತಿತ್ತು. ಯಜಮಾನ ಬಾಗಿಲಿಗೆ ಅಡ್ಡ ನಿಂತು, ನೆಲ ನೋಡುತ್ತಾ, ‘ಇವತ್ತು ಬ್ಯಾಡ ಕನವ್ವ, ಹುಳ ಎದ್ದವೆ’ ಅಂದ. ಆ ವಾಸನೆಯಿಂದ ಅವನ ಒಂದು ಬೆಳೆಯೇ ಹೋಗಬಹುದಿತ್ತು. ನೆಂಟಳಿಗೆ ನೋವಾಗದಿರಲಿ ಎಂದು ನಾನು, ‘ಅವರಿಗೆ ಕೆಲಸ ಇದೆಯಂತೆ’ ಅಂದೆ. ಅವನು ನೆಲ ನೋಡುತ್ತಿದ್ದದ್ದನ್ನು ಅವಳೇ ಕಂಡಿದ್ದಳು, ಉಳಿದದ್ದನ್ನು ಸೇರಿಸಿಕೊಂಡಳು. ಹೀಗೆ ನನ್ನ ಒಂದು ಸೌಜನ್ಯದಿಂದ ಮಂಡ್ಯ ಜಿಲ್ಲೆಯ ಗಂಡಸರ ಬಗ್ಗೆ ಒಂದು ಸಿದ್ಧಾಂತ ಹುಟ್ಟಿ, ದೂರದ ಒಂದು ವಿಶ್ವವಿದ್ಯಾಲಯದ ಕಪಾಟಿನಲ್ಲಿ ಕೂತಿದೆ.

ಆದ್ದರಿಂದ ತಮ್ಮಂದಿರೇ, ತಂಗಿಯರೇ, ಅಂದದ್ದನ್ನು ಅಂದ ಹಾಗೆ ಹೇಳಿ. ಇಂಗ್ಲಿಷ್ ಸಾಲದಿದ್ದರೆ ‘ತಡಿ, ಇದು ಉದ್ದದ ಮಾತು, ರಾತ್ರಿ ಕೂತು ಹೇಳುತ್ತೇನೆ’ ಅನ್ನಿ. ಕನ್ನಡದಲ್ಲಿ ಮೊದಲು ಬರೆದುಕೊಳ್ಳಿ, ‘ಕನವ್ವಾ’ ಸಮೇತ. ದಲಿತ ಕಾಲೋನಿಯ ಮನೆಯಲ್ಲಿ ಟೀ ಕುಡಿದು ಬಂದ ಹುಡುಗಿಯನ್ನು ಇಳಿದುಕೊಂಡ ಮನೆಯವರು ಅಡಿಗೆಮನೆಗೆ ಬಿಡಲು ಹಿಂದೆಮುಂದೆ ನೋಡಿದರೆ, ‘ಅವರಿಗೆ ಹುಷಾರಿಲ್ಲ’ ಅಂತ ಮುಚ್ಚಬೇಡಿ. ಅವಳಿಗೆ ಹೇಳಿ. ಅದಕ್ಕಿಂತ ಮುಖ್ಯ, ನೀವೇ ಒಂದು ಸಲ ಗಟ್ಟಿಯಾಗಿ ಕೇಳಿಸಿಕೊಳ್ಳಿ. ನಿಮ್ಮನ್ನು ಯಾರೂ ಕೇಳದ ಪ್ರಶ್ನೆಯನ್ನು ಆ ಹುಡುಗಿ ಕೇಳುತ್ತಾಳೆ, ಯಾಕೆಂದರೆ ಕೇಳಬಾರದು ಅಂತ ಅವಳಿಗೆ ಗೊತ್ತಿಲ್ಲ. ನಿಮಗೆ ಅವಳಿಂದಾಗುವ ದೊಡ್ಡ ಉಪಕಾರ ಅದೇ.

ಹೊತ್ತಿನ ವಿಷಯವೊಂದು. ಹತ್ತು ಗಂಟೆಗೆ ತಂಡ ಕಟ್ಟಿಕೊಂಡು ಊರಿಗೆ ಹೋದರೆ ಸಿಗುವುದು ಅಜ್ಜಿಯರು, ಇಸ್ಪೀಟಿನವರು ಮತ್ತು ನಾಯಿಗಳು. ಆರು ಗಂಟೆಗೆ ಡೇರಿಗೆ ಹಾಲು ಹಾಕುವ ಹೊತ್ತಿಗೆ ಹೋಗಿ. ಇಲ್ಲವೇ ಸಂಜೆ ಗಾರ್ಮೆಂಟ್ಸ್ ಗಾಡಿಯಿಂದ ಇಳಿದವರು ಸೊಪ್ಪು ಬಿಡಿಸುವ ಹೊತ್ತಿಗೆ. ಕಚೇರಿ ವೇಳೆಯಲ್ಲಿ ಊರು ಊರಿನಲ್ಲಿ ಇರುವುದಿಲ್ಲ.

1968ರಲ್ಲಿ ಇವಾನ್ ಇಲಿಚ್ ಎಂಬ ಪಾದ್ರಿ ಮೆಕ್ಸಿಕೋಗೆ ಹೊರಟ ಅಮೆರಿಕದ ವಿದ್ಯಾರ್ಥಿ ಸ್ವಯಂಸೇವಕರ ಸಭೆಗೆ ಮುಖಕ್ಕೆ ಹೊಡೆದ ಹಾಗೆ ಮಾತಾಡಿದ. ನಿಮ್ಮ ಒಳ್ಳೆಯ ಮನಸ್ಸು ಮೆಕ್ಸಿಕೋದ ಬಡವರಿಗೆ ಹೊರೆ, ಕಲಿಯುವುದಿದ್ದರೆ ಬನ್ನಿ, ಉದ್ಧರಿಸುವ ಹುಕಿ ಇದ್ದರೆ ಮನೆಯಲ್ಲೇ ಇರಿ ಎಂಬರ್ಥದ ಮಾತು. ಅದನ್ನು ವಿದೇಶಿ ತಂಡಗಳಿಗೆ ಈಗಲೂ ಓದಿಸುತ್ತಾರೆ. ಒಳ್ಳೆಯದೇ. ಆದರೆ ಇಲಿಚ್ ಮಾತಾಡಿದ್ದು ಬಂದವರ ಜೊತೆ. ನಡುವೆ ನಿಂತವರಿಗೆ ಅವನಲ್ಲಿ ಏನೂ ಇಲ್ಲ. ಯುರೋಪಿನಲ್ಲಿ ಒಂದು ಪೂರ್ಣ ಸೆಮಿಸ್ಟರಿಗೆ 30 ಕ್ರೆಡಿಟ್. ಅದೇ ಜಗಲಿ, ಅದೇ ಬಿಸಿಲು, ಅದೇ ಬಸ್ಸು, ನಿಮಗೆ ಸೊನ್ನೆ. ಈ ಓಡಾಟವನ್ನು ನಮ್ಮ ಫೀಲ್ಡ್‌ವರ್ಕ್ ಎಂದು ಲೆಕ್ಕಕ್ಕೆ ಹಿಡಿಯಿರಿ, ವರದಿಯ ಪ್ರತಿ ನಮಗೂ ಕೊಡಿ, ಅದನ್ನು ಊರಿನಲ್ಲಿ ಕನ್ನಡದಲ್ಲಿ ಓದಿ ಹೇಳಿದ ಮೇಲೆ ಕಳಿಸಿ ಎಂದು ನಿಮ್ಮ ವಿಭಾಗದಲ್ಲಿ ಕೇಳಿ. ಜಗಳವಾಡಿಯೇ ಕೇಳಿ. ಪಕ್ಕದ ಮೈಸೂರಿನಲ್ಲಿ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟಿನ ಜೊತೆ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಬಂದು ಕಲಿಯುವ ಏರ್ಪಾಡು ಹಲವು ವರ್ಷ ನಡೆದಿದೆ. ಬಂದವರು ಪ್ರತಿ ಸಲ ಬೇರೆ, ಆದರೆ ಸಂಬಂಧ ಹಳೆಯದು. ನಮಗೆ ಬೇಕಾದದ್ದೂ ಅಂಥದ್ದು.

ನಿಮ್ಮಲ್ಲೂ ಕೆಲವರು ನಾಳೆ ಲಂಡನ್ನಿಗೋ ಮೆಲ್ಬರ್ನಿಗೋ ಓದಲು ಹೋಗುತ್ತೀರಿ. ಹೋಗಿ. ಅಮೆರಿಕದ ಜೇನ್ ಆಡಮ್ಸ್ 1888ರಲ್ಲಿ ಲಂಡನ್ನಿನ ಸೇವಾಕೇಂದ್ರ ಟಾಯ್ನ್‌ಬೀ ಹಾಲ್ ನೋಡಿದವಳು, ಮರುವರ್ಷವೇ ಚಿಕಾಗೋದ ವಲಸೆಗಾರರ ಬೀದಿಯಲ್ಲಿ ಅಂಥದ್ದೇ ಹಲ್ ಹೌಸ್ ತೆರೆದಳು. ಮುಂಬೈಯಲ್ಲಿ 1936ರಲ್ಲಿ ಸಮಾಜಕಾರ್ಯ ಕಲಿಸುವ ಟಾಟಾ ಸಂಸ್ಥೆ ಶುರುವಾದಾಗ ಅದರ ಹಿಂದಿದ್ದ ಕ್ಲಿಫರ್ಡ್ ಮ್ಯಾನ್‌ಶಾರ್ಟ್ ಅಮೆರಿಕದವನು. ನಿಮ್ಮ ಪಠ್ಯವೇ ಹೀಗೆ ಹಡಗು ಹತ್ತಿ ಬಂದದ್ದು. ಅಲ್ಲಿ ನಿಮಗೆ ಮಾತು ತಿಳಿಯದೆ, ಪಕ್ಕದಲ್ಲೊಬ್ಬ ಹುಡುಗ ನಡುವೆ ಕೂತು ಅರ್ಧ ನುಂಗಿ ಅರ್ಧ ಹೇಳುವಾಗ ಈ ಪತ್ರ ನೆನಪಾದರೆ ಸಾಕು.

ಕೆಂಪಮ್ಮ ಹೊರಟ ದಿನ ಅಜ್ಜಿಯ ಕೈ ಹಿಡಿದು ‘ಹೋಗ್ತೀನಿ ಅಜ್ಜಿ’ ಅಂದಳು. ಅಜ್ಜಿಯ ಮುಖ ಸಪ್ಪಗಾಯಿತು. ಹಾಗನ್ನಬಾರದು, ‘ಹೋಗ್ಬರ್ತೀನಿ’ ಅನ್ನು ಎಂದು ತಿದ್ದಿದೆ. ಏನು ವ್ಯತ್ಯಾಸ ಅಂತ ಕೇಳಿದಳು, ಹೇಳಿದೆ. ಒಂದು ಸಲ ಅಭ್ಯಾಸ ಮಾಡಿ, ತಪ್ಪಿಲ್ಲದೆ ‘ಹೋಗ್ಬರ್ತೀನಿ’ ಅಂದಳು. ಅಜ್ಜಿ ಅವಳ ಕೆನ್ನೆ ಸವರಿ ಲಟಿಕೆ ಮುರಿದಳು. ಈಗ ಅಜ್ಜಿಗೆ ಕಣ್ಣು ಮಂಜು. ಆ ಊರಿಗೆ ಹೋದಾಗಲೆಲ್ಲ ನನ್ನ ದನಿ ಗುರುತು ಹಿಡಿದು ಕೇಳುತ್ತಾಳೆ: ‘ಕೆಂಪಿ ಯಾವಾಗ್ ಬತ್ತಾಳಂತೆ? ಬತ್ತೀನಿ ಅಂದಿದ್ಲಲ್ಲ.’ ಬರುತ್ತಾಳೆ ಅಜ್ಜಿ ಅನ್ನುತ್ತೇನೆ. ಅಜ್ಜಿಯ ಆ ಮಾತನ್ನೂ ನಾನು ಇನ್ನೂ ಇಂಗ್ಲಿಷಿಗೆ ಮಾಡಿ ಕಳಿಸಿಲ್ಲ. ಈ ವಾರ ಕಳಿಸುತ್ತೇನೆ, ಎಡಗೈ ಬಲಗೈ ಮಾತಿನ ಜೊತೆಗೆ.

ಇಂತಿ,
ಬಸ್ ಚಾರ್ಜಿಗೆ ದುಭಾಷಿಯಾಗಿದ್ದ ನಿಮ್ಮ ಅಕ್ಕ
ಮಂಡ್ಯ